ಗುಂಡಿ ಮೊದಲು, ಕತ್ತರಿ ಕೊನೆಗೆ

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ನಾವು ಬಟ್ಟೆ ಕೊಡುತ್ತಿದ್ದ ಟೇಲರ್ ಅಂಗಡಿಗೆ ಒಬ್ಬ ಹುಡುಗ ಕೆಲಸ ಕಲಿಯಲು ಸೇರಿದ್ದ. ಬೆಳಿಗ್ಗೆ ಬಂದು ಅಂಗಡಿ ಗುಡಿಸಿ, ಬಾಬಿನ್‌ಗಳಿಗೆ ದಾರ ಸುತ್ತಿಟ್ಟು, ಆಮೇಲೆ ದಿನವಿಡೀ ನೆಲದ ಮೇಲೆ ಕೂತು ಬ್ಲೌಸಿಗೆ ಹುಕ್ಕು, ಶರ್ಟಿಗೆ ಗುಂಡಿ, ಪ್ಯಾಂಟಿನ ಕಾಲಿಗೆ ಹೆಮ್ಮಿಂಗ್. ಮಾಸ್ಟರ್ ಅಳತೆ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಬಟ್ಟೆಯ ಮೇಲೆ ಚಾಕಿನಲ್ಲಿ ಗೆರೆ ಎಳೆಯುವಾಗ ಮಾತ್ರ ಅವನ ಸೂಜಿ ನಿಲ್ಲುತ್ತಿತ್ತು. ಒಂದು ದಿನ ನನ್ನೆದುರೇ ಕೇಳಿಬಿಟ್ಟ: "ಮಾಸ್ಟ್ರೇ, ಕಟಿಂಗ್ ಯಾವಾಗ ಹೇಳ್ಕೊಡ್ತೀರಿ?"

ಅವರು ತಲೆ ಎತ್ತಲಿಲ್ಲ. "ಗುಂಡಿ ತಪ್ಪಾದ್ರೆ ಕಿತ್ತು ಇನ್ನೊಂದ್ಸಲ ಹಾಕ್ಬಹುದು ಕಣೋ. ಕತ್ತರಿ ತಪ್ಪಾದ್ರೆ ಇವ್ರಿಗೆ ನಾನು ಹೊಸಾ ಬಟ್ಟೆ ತಂದುಕೊಡ್ಬೇಕು."

ಅವತ್ತು ನಕ್ಕು ಬಂದಿದ್ದೆ. ಈಗ ಅನಿಸುತ್ತದೆ, ತರಬೇತಿಯ ಬಗ್ಗೆ ನಾನು ಕೇಳಿದ ಅತ್ಯಂತ ಅಚ್ಚುಕಟ್ಟಾದ ವಿವರಣೆ ಅದೇ. ಯಾವ ಪಾಠ ಮೊದಲು, ಯಾವುದು ಕೊನೆಗೆ ಎಂಬುದಕ್ಕೆ ಸುಲಭ-ಕಷ್ಟವೇ ಕಾರಣ ಅಂದುಕೊಳ್ಳುತ್ತೇವೆ. ಬಹಳ ಕಡೆ ಅದನ್ನು ತೀರ್ಮಾನಿಸುವುದು ಬೇರೆಯೇ ಲೆಕ್ಕ: ಇಲ್ಲಿ ತಪ್ಪಿದರೆ ದಂಡ ಎಷ್ಟು, ಅದನ್ನು ತೆರುವವರು ಯಾರು? ಹಳೆಯ ಗುರುಮುಖೇನ ಕಲಿಕೆಯನ್ನೂ ಅದಕ್ಕೆ ಬದಲಾಗಿ ಬಂದ ಹೊಸ ವಿಧಾನಗಳನ್ನೂ ಈ ಲೆಕ್ಕ ಹಿಡಿದು ನೋಡಿದರೆ ಗೋಜಲು ಎಷ್ಟೋ ಬಿಡಿಸಿಕೊಳ್ಳುತ್ತದೆ.

1970ರ ದಶಕದಲ್ಲಿ ಜೀನ್ ಲೇವ್ ಎಂಬ ಮಾನವಶಾಸ್ತ್ರಜ್ಞೆ ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ಟೇಲರ್‌ಗಳ ನಡುವೆ ಕೂತು, ಅಲ್ಲಿನ ಹುಡುಗರು ಹೇಗೆ ಕಸುಬು ಕಲಿಯುತ್ತಾರೆಂದು ನೋಡಿದರು. ಅಲ್ಲೂ ನಮ್ಮ ಅಂಗಡಿಯದೇ ಕ್ರಮ. ಉಡುಪು ತಯಾರಾಗುವ ಹಾದಿಯನ್ನು ಹಿಂದುಮುಂದಾಗಿ ಕಲಿಯುವುದು: ಮೊದಲು ಗುಂಡಿ ಮತ್ತು ಅಂಚು, ಆಮೇಲೆ ಹೊಲಿಗೆ, ಕಟ್ಟಕಡೆಗೆ ಕತ್ತರಿ. ಇದರಿಂದ ನಷ್ಟ ತಪ್ಪುವುದರ ಜೊತೆಗೆ ಇನ್ನೊಂದು ಲಾಭವೂ ಇದೆ ಎಂದು ಲೇವ್ ಗುರುತಿಸಿದರು. ಗುಂಡಿ ಹಾಕುವವನ ಕೈಯಲ್ಲಿ ಇಡೀ ಅಂಗಿ ಇರುತ್ತದೆ, ಅದರ ಒಟ್ಟು ಆಕಾರ ಕಣ್ಣಿಗೆ ಕೂರುತ್ತದೆ. ಹೊಲಿಯುವ ಹಂತಕ್ಕೆ ಬಂದಾಗ ಯಾವ ತುಂಡು ಯಾವುದಕ್ಕೆ ಸೇರುತ್ತದೆಂದು ತಿಳಿಯುತ್ತದೆ. ಅಷ್ಟು ತಿಳಿದವನಿಗೆ ಆ ತುಂಡನ್ನು ಹೀಗೇ ಏಕೆ ಕತ್ತರಿಸಿದ್ದಾರೆ ಅನ್ನುವುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಈಗ ಹೊಲಿಗೆ ಕ್ಲಾಸಿಗೆ ಬನ್ನಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಇಂದು ದೇಶದ ಉದ್ದಗಲಕ್ಕೂ ಸ್ವಉದ್ಯೋಗ ತರಬೇತಿ ಕೇಂದ್ರಗಳಿವೆ. ವಾರಗಳ ಲೆಕ್ಕದ ಕೋರ್ಸು, ಹೊರಬಂದವರು ಸ್ವಂತ ಮಿಷನ್ ಹಾಕಿಕೊಳ್ಳಬೇಕು. ಗುಂಡಿ ಹಾಕುತ್ತಾ ವರ್ಷ ಕಳೆಯಲು ಅಲ್ಲಿ ಪುರುಸೊತ್ತಿಲ್ಲ. ಹೀಗಾಗಿ ಹೊಲಿಗೆ ಕ್ಲಾಸುಗಳಲ್ಲಿ ಹಳೆಯ ನ್ಯೂಸ್‌ಪೇಪರ್ ಹರಡಿಕೊಂಡು, ಸ್ಕೇಲು ಪೆನ್ಸಿಲ್ ಹಿಡಿದು, ಶುರುವಿನಲ್ಲೇ ಕಟಿಂಗ್ ಮಾಡಿಸುತ್ತಾರೆ. ಅಂಗಡಿಯಲ್ಲಿ ಕೊನೆಗೆ ಬರುವ ಪಾಠ ಇಲ್ಲಿ ಮೊದಲಿಗೇ ಬಂತು. ಬದಲಾದದ್ದು ಒಂದೇ, ತಪ್ಪಿನ ಬೆಲೆ. ಕಂಕುಳ ಸುತ್ತು ತಪ್ಪಾಗಿ ಕತ್ತರಿಸಿದರೆ ಹೋಗುವುದು ನಿನ್ನೆಯ ಪೇಪರಿನ ಒಂದು ಹಾಳೆ.

ಬದಲಿ ವಿಧಾನ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಈ ಪೇಪರ್ ಕಟಿಂಗ್‌ನ ಬೇರೆ ಬೇರೆ ರೂಪಗಳೇ. ಆದರೆ ಪೇಪರಿಗೆ ಒಂದು ಕೊರತೆ ಇದೆ. ಅದು ಜಗ್ಗುವುದಿಲ್ಲ. ಕ್ರಾಸ್ ಕಟ್ ಬ್ಲೌಸಿನ ಗುಟ್ಟು ಬಟ್ಟೆಯ ಎಳೆ ಓರೆಯಾಗಿ ಬಂದಾಗ ಅದು ಮೈಗೆ ಹೇಗೆ ಒಗ್ಗುತ್ತದೆ ಎಂಬುದರಲ್ಲಿದೆ. ಪೇಪರಿನ ಮೇಲೆ ನೂರು ಸಲ ಕತ್ತರಿಸಿದರೂ ಅದು ಕೈಗೆ ಗೊತ್ತಾಗುವುದಿಲ್ಲ. ಒಂದು ಭುಜ ಇಳಿದಿರುವ ಗಿರಾಕಿಯೂ ಪೇಪರಿನಲ್ಲಿ ಇಲ್ಲ.

ಸೋರೆಕಾಯಿ, ಆರ್ಗನ್ನಿನ ತಿದಿ

ಕೆಲವು ಕಸುಬುಗಳಲ್ಲಿ ಗುಂಡಿಯಂಥ ಕೆಲಸವೇ ಕಡಿಮೆ. ಮೊದಲ ತಪ್ಪೇ ಜೀವಕ್ಕೆ ಬರಬಹುದು. ಅಂಥ ಕಡೆ ಪೇಪರ್ ಬಹಳ ಹಿಂದೆಯೇ ಬಂತು.

ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಒಂಬತ್ತನೆಯ ಅಧ್ಯಾಯ ಇರುವುದೇ ಇದಕ್ಕಾಗಿ. ಶಾಸ್ತ್ರ ಎಷ್ಟೇ ಓದಿದ್ದರೂ ಕೈ ಪಳಗದವನು ಕೆಲಸಕ್ಕೆ ಯೋಗ್ಯನಲ್ಲ ಎಂದು ಹೇಳಿ, ಯಾವ ಶಸ್ತ್ರಕ್ರಿಯೆಯನ್ನು ಯಾವುದರ ಮೇಲೆ ಅಭ್ಯಾಸ ಮಾಡಬೇಕೆಂದು ಪಟ್ಟಿ ಕೊಡುತ್ತದೆ. ಕತ್ತರಿಸಿ ತೆಗೆಯುವುದಕ್ಕೆ ಕುಂಬಳ, ಸೋರೆ, ಕಲ್ಲಂಗಡಿ, ಸೌತೆ. ಸೀಳುವುದಕ್ಕೆ ನೀರು ಅಥವಾ ಕೆಸರು ತುಂಬಿದ ತೊಗಲಿನ ಚೀಲ. ಕೆರೆಯುವುದಕ್ಕೆ ಕೂದಲಿರುವ ಚರ್ಮ. ನಾಳ ಚುಚ್ಚುವುದಕ್ಕೆ ಸತ್ತ ಪ್ರಾಣಿಯ ರಕ್ತನಾಳ, ತಾವರೆಯ ದಂಟು. ಒಳಗೆ ಸಿಕ್ಕಿಕೊಂಡದ್ದನ್ನು ಕೀಳುವುದಕ್ಕೆ ಹಲಸಿನ ತೊಳೆ, ಸತ್ತ ಪ್ರಾಣಿಯ ಹಲ್ಲು. ಹೊಲಿಗೆಗೆ ದಪ್ಪ ಬಟ್ಟೆ, ಮೆದು ಚರ್ಮ. ಪಟ್ಟಿ ಕಟ್ಟಲು ಬಟ್ಟೆಯಲ್ಲಿ ಮಾಡಿದ ಮನುಷ್ಯಾಕೃತಿ. ಸಂಪ್ರದಾಯ ಎಂದರೆ ಗುರುವಿನ ಬೆನ್ನ ಹಿಂದೆ ನಿಂತು ನೋಡುವುದು, ಸಿಮ್ಯುಲೇಶನ್ (ನಿಜದಂಥ ನಕಲಿನ ಮೇಲೆ ಅಭ್ಯಾಸ) ಎಂದರೆ ಹೊಸಕಾಲದ್ದು ಎಂದು ಗೆರೆ ಎಳೆಯುವವರು ಈ ಪಟ್ಟಿಯನ್ನೊಮ್ಮೆ ನೋಡಬೇಕು. ಒಂದೊಂದು ಕೌಶಲಕ್ಕೂ ಅದರದೇ ಗುಣ ಇರುವ ವಸ್ತುವನ್ನು ಎಷ್ಟು ಯೋಚಿಸಿ ಆರಿಸಿದ್ದಾರೆ!

ಆಧುನಿಕ ಶಸ್ತ್ರಚಿಕಿತ್ಸೆಯ ತರಬೇತಿ ಮಾತ್ರ ಬಹುಕಾಲ ಟೇಲರ್ ಅಂಗಡಿಯ ದಾರಿಯಲ್ಲೇ ನಡೆಯಿತು. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 19ನೆಯ ಶತಮಾನದ ಕೊನೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ರೂಪಿಸಿದ ಪದ್ಧತಿ ಅದು: ಕಿರಿಯ ವೈದ್ಯ ಆಸ್ಪತ್ರೆಯಲ್ಲೇ ವರ್ಷಗಟ್ಟಲೆ ಇದ್ದು, ಹಿರಿಯರ ಕಣ್ಣಳತೆಯಲ್ಲಿ ಹಂತಹಂತವಾಗಿ ಹೊಣೆ ಹೊರುವುದು. 'ಒಂದು ನೋಡು, ಒಂದು ಮಾಡು, ಒಂದು ಕಲಿಸು' ಎಂದು ಸರ್ಜನ್‌ಗಳು ಅರ್ಧ ತಮಾಷೆಯಾಗಿ ಅನ್ನುವುದು ಇದನ್ನೇ. ಮೇಜಿನ ಮೇಲೆ ಮಲಗಿರುವವರಿಗೆ ಅದು ಅಷ್ಟು ತಮಾಷೆಯಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 16 ಕಿರಿಯ ಸರ್ಜನ್‌ಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಲ್ಯಾಪ್ರೊಸ್ಕೋಪಿಯ (ಸಣ್ಣ ರಂಧ್ರದ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯ) ಅಭ್ಯಾಸ ಕೊಟ್ಟರು. ಆಮೇಲೆ ನಿಜವಾದ ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಆ ಗುಂಪು 29% ಬೇಗ ಕೆಲಸ ಮುಗಿಸಿತು, ಇನ್ನೊಂದು ಗುಂಪು ಸರಾಸರಿ ಆರು ಪಟ್ಟು ಹೆಚ್ಚು ತಪ್ಪು ಮಾಡಿತು. ಪ್ರಯೋಗ ಚಿಕ್ಕದೇ, ಆದರೆ ಸಿಮ್ಯುಲೇಟರ್ ಬರೀ ಆಟಿಕೆ ಎಂದು ತಳ್ಳಿಹಾಕುವುದು ಅದರ ನಂತರ ಕಷ್ಟವಾಯಿತು.

ವಿಮಾನದ ಸಿಮ್ಯುಲೇಟರ್ ನಿಜಕ್ಕೂ ಆಟಿಕೆಯಾಗಿಯೇ ಮಾರಾಟವಾಗಿತ್ತು. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಂಟನ್‌ನಲ್ಲಿ ಎಡ್ವಿನ್ ಲಿಂಕ್ ಎಂಬಾತನ ತಂದೆಗೆ ಪಿಯಾನೊ ಮತ್ತು ಆರ್ಗನ್ (ತಿದಿಯ ಗಾಳಿಯಿಂದ ನುಡಿಯುವ ವಾದ್ಯ) ತಯಾರಿಸುವ ಕಾರ್ಖಾನೆ ಇತ್ತು. ಮಗನಿಗೆ ಹಾರುವ ಹುಚ್ಚು, ಪಾಠದ ಶುಲ್ಕ ದುಬಾರಿ. ಆತ ಆರ್ಗನ್ನಿನ ತಿದಿಗಳನ್ನೇ ಬಳಸಿ, ನೆಲ ಬಿಡದೆ ಓಲಾಡುವ ಒಂದು ಪುಟ್ಟ ವಿಮಾನವನ್ನು 1929ರಲ್ಲಿ ಮಾಡಿದ. ಕೊಂಡವರು ಮನರಂಜನಾ ಪಾರ್ಕಿನವರು. 1934ರಲ್ಲಿ ಅಮೆರಿಕದ ಸೇನೆ ಟಪಾಲು ಸಾಗಿಸುವ ಹೊಣೆ ಹೊತ್ತು, ಮಂಜಿನಲ್ಲಿ ಉಪಕರಣ ನೋಡಿ ಹಾರಲು ಬಾರದ ಪೈಲಟ್‌ಗಳನ್ನು ಒಬ್ಬರ ಹಿಂದೊಬ್ಬರಂತೆ ಕಳೆದುಕೊಂಡ ಮೇಲೆ ಲಿಂಕ್‌ನ ನೆನಪಾಯಿತು. ಒಂದಕ್ಕೆ 3,500 ಡಾಲರಿನಂತೆ ಆರು ಯಂತ್ರ ಕೊಂಡರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಸುಮಾರು 5 ಲಕ್ಷ ಮಂದಿ ಆ ಪೆಟ್ಟಿಗೆಯಲ್ಲಿ ಕೂತು ಕಲಿತಿದ್ದರು.

ಆದರೂ ಪೇಪರ್ ಜಗ್ಗುವುದಿಲ್ಲ ಎಂಬ ಮಾತು ಆಕಾಶಕ್ಕೂ ಸಲ್ಲುತ್ತದೆ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಕಂಟ್ರೋಲ್ ಟವರಿನ ಅನುಮತಿ ಸಿಗುವ ಮೊದಲೇ ಓಟ ಶುರು ಮಾಡಿದ ಕ್ಯಾಪ್ಟನ್ ಹೊಸಬನಲ್ಲ, ಆ ವಿಮಾನ ಸಂಸ್ಥೆಯಲ್ಲಿ ಉಳಿದವರಿಗೆ ಕಲಿಸುತ್ತಿದ್ದ ಹಿರಿಯ. ವರ್ಷಗಟ್ಟಲೆ ಹೆಚ್ಚು ಹೊತ್ತು ಸಿಮ್ಯುಲೇಟರ್‌ನಲ್ಲೇ ಕಳೆದಿದ್ದವ. ಸಿಮ್ಯುಲೇಟರ್‌ನಲ್ಲಿ ಅನುಮತಿಗೆ ಕಾಯುವ ಪ್ರಮೇಯವೇ ಬರುವುದಿಲ್ಲ, ಕಲಿಸುವವನೇ ಅಲ್ಲಿ ಟವರು. ಅಪಘಾತಕ್ಕೆ ಮಂಜು, ಆತುರ, ರೇಡಿಯೋದ ಗೊಂದಲ ಹೀಗೆ ಹಲವು ಕಾರಣ ಕೂಡಿದ್ದವು, ಅವುಗಳ ನಡುವೆ ಈ ಅಭ್ಯಾಸಬಲದ ಮಾತೂ ಬಂತು. ಕಾಕ್‌ಪಿಟ್‌ನಲ್ಲಿದ್ದ ಕಿರಿಯರು ಅನುಮಾನವನ್ನು ಗಟ್ಟಿಯಾಗಿ ಹೇಳಲಿಲ್ಲ ಎಂಬುದೂ ಚರ್ಚೆಯಾಯಿತು. 1979ರಲ್ಲಿ ನಾಸಾ ಕರೆದ ಒಂದು ಕಾರ್ಯಾಗಾರದಿಂದ ಮುಂದೆ, ಹಿರಿಯರೆದುರು ಬಾಯಿ ತೆರೆಯುವುದನ್ನೂ ಪೈಲಟ್‌ಗಳಿಗೆ ಪಾಠವಾಗಿ ಕಲಿಸತೊಡಗಿದರು.

ಖಾಲಿ ಚಾಪೆಯೆದುರು ಕುಣಿದವರು

ಯಕ್ಷಗಾನದಲ್ಲಿ ಇದೇ ಲೆಕ್ಕವನ್ನು ಸಂಪ್ರದಾಯ ಎಷ್ಟು ಜಾಣತನದಿಂದ ಹೊಂದಿಸಿತ್ತು ಎಂಬುದು ನನಗೆ ತಡವಾಗಿ ಹೊಳೆಯಿತು.

ಹಳೆಯ ಕ್ರಮದಲ್ಲಿ ಹುಡುಗ ಮೇಳಕ್ಕೆ ಸೇರಿದರೆ ಅವನಿಗೆ ಯಾರೂ ತರಗತಿ ತೆಗೆದುಕೊಳ್ಳುತ್ತಿರಲಿಲ್ಲ. ಹಗಲು ನಿದ್ದೆ, ಪ್ರಯಾಣ, ರಾತ್ರಿ ಆಟ. ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಹಿರಿಯರಿಗೆ ಬಣ್ಣ ತೇದು ಕೊಡುವುದು, ಗೆಜ್ಜೆ ಕಟ್ಟಲು ನೆರವಾಗುವುದು, ಬಿಡುವಾದಾಗ ರಂಗದ ಬದಿಯಲ್ಲಿ ಕೂತು ನೋಡುವುದು. ಅವನಿಗೆ ಸಿಗುತ್ತಿದ್ದ ಮೊದಲ ವೇಷ ಕೋಡಂಗಿ. ಆಮೇಲೆ ಬಾಲಗೋಪಾಲ, ಪೂರ್ವರಂಗದ ಸ್ತ್ರೀವೇಷ, ಹೀಗೆ ಮೇಲೇರಬೇಕು. ಈ ಪೂರ್ವರಂಗ ನಡೆಯುವ ಹೊತ್ತು ಯಾವುದು ಗಮನಿಸಿ. ಸಂಜೆ ಆಟ ಈಗಷ್ಟೇ ಶುರುವಾಗಿದೆ, ಊರಿನವರು ಮನೆಯಲ್ಲಿ ಇನ್ನೂ ಊಟಕ್ಕೆ ಕೂತಿದ್ದಾರೆ, ಚಾಪೆ ಹಾಸಿದ ಬಯಲಲ್ಲಿ ನಾಲ್ಕು ಮಕ್ಕಳು, ಒಂದಿಬ್ಬರು ಕಡ್ಲೆ ಮಾರುವವರು. ಚಂಡೆ ಮದ್ದಳೆ ನಿಜ, ಭಾಗವತರು ನಿಜ, ರಂಗ ನಿಜ, ದೀಪ ನಿಜ. ಹೆಜ್ಜೆ ತಪ್ಪಿದರೆ ನೋಡುವವರು ಮಾತ್ರ ಇಲ್ಲ! ಬಟ್ಟೆ ನಿಜವಾದದ್ದೇ, ದಂಡ ಮಾತ್ರ ಪೇಪರಿನಷ್ಟೇ. ಹೀಗೆ ದೀಪಾವಳಿಯ ಆಚೀಚೆ ಹೊರಟ ಮೇಳ ಮೇ ತಿಂಗಳ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವಷ್ಟರಲ್ಲಿ ನೂರಕ್ಕೂ ಮಿಕ್ಕಿ ರಾತ್ರಿ ಅವನು ಕುಣಿದಿರುತ್ತಿದ್ದ.

1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಶುರುವಾದಾಗ, ಕು.ಶಿ. ಹರಿದಾಸ ಭಟ್ಟರೂ ಶಿವರಾಮ ಕಾರಂತರೂ ಅದರ ಹಿಂದಿದ್ದರು. ತಾಳದ ಲೆಕ್ಕ ಹಿಡಿದು ಹೆಜ್ಜೆ ಬಿಡಿಸಿ ಹೇಳುವುದು, ತಪ್ಪನ್ನು ಅಲ್ಲೇ ನಿಲ್ಲಿಸಿ ತಿದ್ದುವುದು, ಮೇಳಕ್ಕೆ ಹೋಗದ ಮನೆತನದ ಮಕ್ಕಳಿಗೂ ಬಾಗಿಲು ತೆರೆಯುವುದು ಇವೆಲ್ಲ ಇಂಥ ಕೇಂದ್ರಗಳಿಂದ ಸಾಧ್ಯವಾಯಿತು. ಮೇಳದಲ್ಲಿ ಐದು ವರ್ಷಕ್ಕೆ ಅಲ್ಲೊಂದು ಇಲ್ಲೊಂದು ಹೆಕ್ಕಿಕೊಳ್ಳಬೇಕಿದ್ದ ಹೆಜ್ಜೆಗಾರಿಕೆ ತರಗತಿಯಲ್ಲಿ ಬೇಗ, ಶುದ್ಧವಾಗಿ ಬರುತ್ತದೆ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ತರಗತಿಗೆ ಸುಲಭವಾಗಿ ಬಗ್ಗದ್ದು ಅರ್ಥಗಾರಿಕೆ. ಪ್ರಸಂಗದಲ್ಲಿ ಇರುವುದು ಪದ್ಯ ಮಾತ್ರ. ಮಾತೆಲ್ಲ ರಂಗದ ಮೇಲೆ ಆ ಕ್ಷಣಕ್ಕೆ ಹುಟ್ಟಬೇಕು. ಎದುರಿನ ಕರ್ಣ ಇವತ್ತು ಏನು ಕೇಳುತ್ತಾನೋ ಕೃಷ್ಣನಿಗೆ ಗೊತ್ತಿರುವುದಿಲ್ಲ. ಅದನ್ನು ಬರೆದುಕೊಟ್ಟು ಬಾಯಿಪಾಠ ಮಾಡಿಸಿದರೆ ಮೊದಲ ಅನಿರೀಕ್ಷಿತ ಪ್ರಶ್ನೆಗೇ ಹುಡುಗ ತಬ್ಬಿಬ್ಬು. ನೂರು ರಾತ್ರಿ ರಂಗದ ಬದಿಯಲ್ಲಿ ಕೂತವನಿಗೆ ಒಂದೇ ಪದ್ಯಕ್ಕೆ ಹತ್ತು ಬಗೆಯ ಅರ್ಥ ಕಿವಿಗೆ ಬಿದ್ದಿರುತ್ತದೆ.

ಈಗಿನ ಕಾಲಮಿತಿಯ ಆಟಗಳಲ್ಲಿ ಬೆಳತನಕದ ಪ್ರಸಂಗ ಕೆಲವು ಗಂಟೆಗಳಿಗೆ ಇಳಿದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಪ್ರೇಕ್ಷಕರ ದೃಷ್ಟಿಯಿಂದ ಅದು ಸರಿಯೇ, ಮರುದಿನ ಆಫೀಸಿಗೆ ಹೋಗಬೇಕು. ಆದರೆ ಆ ಹೊತ್ತು ಮೇಳದ ಪಾಠಶಾಲೆಯಾಗಿತ್ತು. ಅದು ಹೋದ ಮೇಲೆ ಹೊಸಬನ ಮೊದಲ ಹೆಜ್ಜೆಯೇ ತುಂಬಿದ ಸಭೆಯೆದುರು, ಯಾರದೋ ಮೊಬೈಲ್ ಕ್ಯಾಮೆರಾದೆದುರು.

ತಪ್ಪು ಕೇಳಿಸದವರಿಗೆ

ಸಂಗೀತದಲ್ಲಿ ಬೇರೆ ತೊಡಕು. ಅಪಸ್ವರ ಹಾಡಿದರೆ ಯಾರ ಬಟ್ಟೆಯೂ ಹಾಳಾಗುವುದಿಲ್ಲ, ತಪ್ಪು ಪುಕ್ಕಟೆ. ಆದರೂ ಕರ್ನಾಟಕ ಸಂಗೀತದ ಮೆಟ್ಟಿಲುಗಳು ಬಿಗಿ: ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ, ಅಲಂಕಾರ, ಪಿಳ್ಳಾರಿ ಗೀತೆ. ಇಲ್ಲಿ ಕೊರತೆ ಇರುವುದು ಕಿವಿಯಲ್ಲಿ. ಕಲಿಯುವವನಿಗೆ ತನ್ನ ತಪ್ಪು ಕೇಳಿಸುವುದೇ ಇಲ್ಲ.

ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಈ ಕ್ರಮದಲ್ಲಿ ಮೊದಲ ರಾಗ ಮಾಯಾಮಾಳವಗೌಳ, ಮೇಳಕರ್ತಗಳೆಂಬ ಮೂಲ ರಾಗಗಳ ಪಟ್ಟಿಯಲ್ಲಿ 15ನೆಯದು. ಅದರ ಕಟ್ಟಡ ನೋಡಿ. ಸದಿಂದ ರಿಗೆ ಅರ್ಧಸ್ವರದ ಒಂದು ಮೆಟ್ಟಿಲು, ರಿಯಿಂದ ಗಕ್ಕೆ ಮೂರು, ಗದಿಂದ ಮಕ್ಕೆ ಒಂದು. ಮೇಲೆ ಪದಿಂದ ದಕ್ಕೆ ಒಂದು, ದದಿಂದ ನಿಗೆ ಮೂರು, ನಿಯಿಂದ ಮೇಲಿನ ಸಕ್ಕೆ ಒಂದು. ಕೆಳಗಿನ ಅರ್ಧವನ್ನೇ ಎತ್ತಿ ಮೇಲೆ ಇಟ್ಟ ಹಾಗೆ. ಕೆಳಗೆ ಹಾಡಿದ ಅಂತರವನ್ನೇ ಮೇಲೆ ಮತ್ತೆ ಹಾಡಬೇಕಾದ್ದರಿಂದ ಮಗುವಿನ ಕಿವಿಗೆ ಹೋಲಿಸಿ ನೋಡಲು ಅಳತೆಗೋಲು ರಾಗದೊಳಗೇ ಸಿಗುತ್ತದೆ. ಇದರ ಮೇಲೆ ತಂಬೂರಿಯ ಶ್ರುತಿ, ಅದರ ಮೇಲೆ ಜೊತೆಗೇ ಹಾಡುವ ಗುರುವಿನ ದನಿ.

ಕ್ಯಾಲಿಫೋರ್ನಿಯಾದಿಂದ ಮೈಸೂರಿನ ಗುರುಗಳಿಗೆ ಬೆಳಗಿನ ಜಾವ ವಿಡಿಯೋ ಕರೆ ಮಾಡಿ ಕಲಿಯುವ ಕನ್ನಡದ ಮಕ್ಕಳು ಈಗ ಬೇಕಾದಷ್ಟಿದ್ದಾರೆ. ದನಿ ತಲುಪಲು ಸೆಕೆಂಡಿನ ಒಂದು ಚೂರು ತಡವಾಗುತ್ತದೆ, ಅಷ್ಟಕ್ಕೇ ಇಬ್ಬರ ತಾಳ ಕೂಡುವುದಿಲ್ಲ. ಹಾಗಾಗಿ ಜೊತೆಯಲ್ಲಿ ಹಾಡುವ ಪಾಠ ಬಿಟ್ಟುಹೋಗಿ, ಗುರು ಹಾಡುವುದು, ಆಮೇಲೆ ಶಿಷ್ಯ ಒಬ್ಬನೇ ಹಾಡುವುದು ಉಳಿದುಕೊಂಡಿದೆ. ಸಾಫ್ಟ್‌ವೇರಿನ ಕಿವಿಗೆ ತಂಬೂರಿ ಫ್ಯಾನಿನ ಸದ್ದಿನಂತೆ ಕೇಳಿ ಅದನ್ನು ಅಳಿಸಿಹಾಕುವುದೂ ಉಂಟು, ಸೆಟ್ಟಿಂಗ್ ಬದಲಿಸಬೇಕು. ಇಷ್ಟಾದರೂ ಒಂದು ಲಾಭ ಇದೆ. ಗುರುವಿನ ದನಿಯ ಆಸರೆ ಇಲ್ಲದೆ ಒಬ್ಬರೇ ಹಾಡಬೇಕಾದ್ದರಿಂದ ತಪ್ಪು ಅಡಗಿಕೊಳ್ಳಲು ಜಾಗವಿಲ್ಲ, ಪಾಠ ರೆಕಾರ್ಡ್ ಆಗಿದ್ದರೆ ಮರುದಿನ ತಾವೇ ಕೇಳಿ ಹಿಡಿಯಬಹುದು.

ಅಭ್ಯಾಸದ ಬಗ್ಗೆ ಇನ್ನೊಂದು ಮಾತು, ಇದು ಆಟದ ಮೈದಾನದಿಂದ. 1978ರ ಒಂದು ಪ್ರಯೋಗದಲ್ಲಿ ಎಂಟು ವರ್ಷದ ಮಕ್ಕಳಿಗೆ ಕಾಳು ತುಂಬಿದ ಚೀಲವನ್ನು ಗುರಿಗೆ ಎಸೆಯಲು ಹೇಳಿದರು. ಒಂದು ಗುಂಪು 3 ಅಡಿ ದೂರದ ಗುರಿಗೇ ಅಭ್ಯಾಸ ಮಾಡಿತು. ಇನ್ನೊಂದು 2 ಅಡಿ ಮತ್ತು 4 ಅಡಿಗೆ ಮಾತ್ರ. 12 ವಾರದ ಬಳಿಕ 3 ಅಡಿಯಲ್ಲಿ ಪರೀಕ್ಷೆ ಇಟ್ಟರೆ ಆ ದೂರಕ್ಕೆ ಎಸೆದೇ ನೋಡದ ಗುಂಪು ಮುಂದಿತ್ತು. ಬ್ಯಾಡ್ಮಿಂಟನ್ ಸರ್ವ್ ಮೇಲೆ 1986ರಲ್ಲಿ ನಡೆದ ಅಧ್ಯಯನವೂ ಇದನ್ನೇ ಹೋಲುತ್ತದೆ: ಮೂರು ಬಗೆಯ ಸರ್ವ್‌ಗಳನ್ನು ಒಂದು ಮುಗಿಸಿ ಇನ್ನೊಂದರಂತೆ ಕಲಿತವರಿಗಿಂತ ಕಲಸಿ ಆಡಿದವರಿಗೆ ಆಮೇಲೆ ಹೆಚ್ಚು ನೆನಪಿತ್ತು. ಒಂದೇ ಹೊಡೆತ ನೂರು ಸಲ ಬಾರಿಸುವಾಗ ಕೈ ಕೂತಂತೆ ಅನಿಸುತ್ತದೆ, ಕೋಚಿಗೂ ಖುಷಿ, ಅಪ್ಪ ಅಮ್ಮನಿಗೂ ಖುಷಿ. ಪಂದ್ಯದಲ್ಲಿ ಯಾರೂ ನೂರು ಸಲ ಒಂದೇ ಕಡೆಗೆ ಶಟಲ್ ಕಳಿಸುವುದಿಲ್ಲ. ಒಳ್ಳೆಯ ಸಂಗೀತದ ಮೇಷ್ಟ್ರು ಇದನ್ನು ಪ್ರಯೋಗವಿಲ್ಲದೆಯೇ ಬಲ್ಲರು: ಅಲಂಕಾರ ಬಾಯಿಗೆ ಬಂತು ಅನ್ನುವಷ್ಟರಲ್ಲಿ "ಈಗ ಅದನ್ನೇ ಕಲ್ಯಾಣಿಯಲ್ಲಿ ಹಾಡು" ಎನ್ನುತ್ತಾರೆ.

ತಡ ಮಾಡಿದರೆ ಯಾರಿಗೆ ಲಾಭ

ಇಷ್ಟು ಹೊತ್ತು ಹಳೆಯ ಕ್ರಮದ ಜಾಣತನ ಹೇಳಿದೆ. ಅದರ ಹುಳುಕನ್ನೂ ಹೇಳಬೇಕು. ಗುಂಡಿ ಹಾಕುವುದರಲ್ಲಿ ಕಲಿಯಬೇಕಾದ್ದು ಎರಡು ತಿಂಗಳಿನದು. ಹುಡುಗ ಎರಡು ವರ್ಷ ಅದನ್ನೇ ಮಾಡಿದರೆ ಉಳಿದ ಇಪ್ಪತ್ತೆರಡು ತಿಂಗಳು ಪಾಠವಲ್ಲ, ಅಗ್ಗದ ಕೂಲಿ. ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುವ, ಸೀಮೆಎಣ್ಣೆಯಲ್ಲಿ ಪಾರ್ಟು ತೊಳೆಯುವ ಹುಡುಗನಿಗೂ ಇದೇ ಗತಿ. ಯಾವುದು ಕಲಿಕೆಗಾಗಿ ಮಾಡಿಸಿದ ತಡ, ಯಾವುದು ಮೇಸ್ತ್ರಿಯ ಅನುಕೂಲಕ್ಕೆ ಮಾಡಿಸಿದ ತಡ ಎಂದು ಬೇರ್ಪಡಿಸಿ ಹೇಳುವವರು ಅಂಗಡಿಯಲ್ಲಿ ಇರುವುದಿಲ್ಲ. ಮೊದಲಿಗೆ ಒಳಗೆ ಬರಲು ಬಿಡುತ್ತಿದ್ದುದೂ ಎಲ್ಲರನ್ನಲ್ಲ. ಜಾತಿ, ಮನೆತನ, ಗಂಡು-ಹೆಣ್ಣು ನೋಡಿಯೇ ಬಾಗಿಲು ತೆರೆಯುತ್ತಿತ್ತು.

ಕಾನೂನು ಇಲ್ಲಿ ಕೈಹಾಕಿದ್ದು ಅದಕ್ಕೇ. ನಮ್ಮಲ್ಲಿ 1961ರ ಅಪ್ರೆಂಟಿಸ್ ಕಾಯ್ದೆ ತರಬೇತಿಗೆ ಅವಧಿ ಮತ್ತು ಸ್ಟೈಪೆಂಡ್ ನಿಗದಿ ಮಾಡಿತು. ಜರ್ಮನಿಯಲ್ಲಿ ಹುಡುಗರು ವಾರದ ಕೆಲವು ದಿನ ಕಾರ್ಖಾನೆಯಲ್ಲೂ ಉಳಿದ ದಿನ ವೃತ್ತಿಶಾಲೆಯಲ್ಲೂ ಕಲಿಯುತ್ತಾರೆ, ಎರಡರಿಂದ ಮೂರೂವರೆ ವರ್ಷ, ಸಂಬಳದ ಜೊತೆ. ಪೇಪರೂ ಬಟ್ಟೆಯೂ ಒಟ್ಟೊಟ್ಟಿಗೆ ಕೈಗೆ ಸಿಗುವ ಏರ್ಪಾಡು ಅದು. ನಮ್ಮ ಸಣ್ಣ ಅಂಗಡಿಗಳಿಗೆ ಈ ಕಾಯ್ದೆಯ ಗಾಳಿ ಅಷ್ಟಾಗಿ ತಾಗಿಲ್ಲ.

ಈಚೆಗೆ ಇನ್ನೊಂದು ಬದಲಾವಣೆ ಬಂದಿದೆ. ಬೆಂಗಳೂರಿನ ಸಾಫ್ಟ್‌ವೇರ್ ಆಫೀಸುಗಳಲ್ಲಿ ಹೊಸಬರಿಗೆ ಮೊದಲು ಕೊಡುತ್ತಿದ್ದುದು ಸಣ್ಣಪುಟ್ಟ ಬಗ್ ಸರಿಪಡಿಸುವ, ಟೆಸ್ಟ್ ಬರೆಯುವ ಕೆಲಸ. ಅದು ಅಲ್ಲಿನ ಗುಂಡಿ ಹಾಕುವ ಕೆಲಸ. ಅದನ್ನು ಈಗ ಎಐ ಕ್ಷಣದಲ್ಲಿ ಮಾಡಿಕೊಡುತ್ತದೆ. ಹಾಗಾದರೆ ಹೊಸಬರು ಎಲ್ಲಿಂದ ಶುರು ಮಾಡಬೇಕು ಎಂದು ಗೆಳೆಯರೊಬ್ಬರು ತಲೆ ಕೆರೆದುಕೊಳ್ಳುತ್ತಿದ್ದಾಗ ನನಗೆ ನೆನಪಾದದ್ದು ಗುಂಡಿಯ ತೂತು ಹೊಲಿಯುವ ಕಾಜಾ ಮಿಷನ್.

ಮೊದಲು ಹೇಳಿದ ಹುಡುಗ ಈಗ ಹುಡುಗನಲ್ಲ, ಪಕ್ಕದ ಬಡಾವಣೆಯಲ್ಲಿ ಸ್ವಂತ ಅಂಗಡಿ ಇದೆ. ಶರ್ಟಿನ ಕಾಜಾ-ಗುಂಡಿ ಅಲ್ಲಿ ಕೈಯಲ್ಲಿ ಹಾಕುವುದಿಲ್ಲ. ಸಂಜೆ ಗಂಟು ಕಟ್ಟಿ ಮಿಷನ್ ಇರುವ ಕಡೆ ಕಳಿಸುತ್ತಾರೆ. ಕಲಿಯಲು ಬಂದಿರುವ ಪುಟ್ಟ ಹುಡುಗನಿಗೆ ಹಾಗಿದ್ದರೆ ಏನು ಕೆಲಸ ಎಂದು ಕೇಳಿದೆ. ಮೂಲೆಯಲ್ಲಿ ಹಳೇ ಲುಂಗಿ, ಬೆಡ್‌ಶೀಟುಗಳ ರಾಶಿ ತೋರಿಸಿದ. "ಇವನ್ನ ಕತ್ತರಿಸ್ತಾನೆ ಸಾರ್. ಪೇಪರ್ ಕೊಟ್ ನೋಡ್ದೆ, ಜಗ್ಗಲ್ಲ ಅದು."

ಗೋಡೆಯ ಮೊಳೆಗೆ ಚೌಕುಳಿ ಲುಂಗಿಯದೊಂದು ಅಂಗಿ ನೇತಾಡುತ್ತಿತ್ತು. ಒಂದು ತೋಳು ಒಂದು ಇಂಚು ಗಿಡ್ಡ.

"ಅದು ಎರಡನೇದು," ಎಂದ. "ಮೊದಲನೇದಕ್ಕೆ ತೋಳೇ ಕೂರ್ಲಿಲ್ಲ."